ಇತರೆ

ಊರನ್ನು ಚೌಕ ಚೌಕ ಕುಯ್ದಿದ್ದೇನೆ,
ತಟ್ಟೆಯಲ್ಲಿ ಕೊಬ್ಬರಿ ಮಿಠಾಯಿ ಕುಯ್ದ ಹಾಗೆ:
ಕಿಲೋಮೀಟರು ಉದ್ದ, ಕಿಲೋಮೀಟರು ಅಗಲ.
ಒಂದು ಚೌಕದೊಳಗೆ ಗಾಳಿ ಎಲ್ಲೆಡೆ ಒಂದೇ
ಎಂದು ಕಂಪ್ಯೂಟರಿಗೆ ಹೇಳಿಕೊಟ್ಟಿದ್ದೇನೆ.
ಸುಳ್ಳು ಅಂತ ಇಬ್ಬರಿಗೂ ಗೊತ್ತು.
ಹೊಸೂರು ರಸ್ತೆಯ ಸಿಗ್ನಲ್ಲಿನಲ್ಲಿ ಸೀಟಿ ಊದುವವನೂ
ಹಿಂದಿನ ಓಣಿಯಲ್ಲಿ ಸಂಪಿಗೆ ಮರದಡಿ ಮಲಗಿದ ನಾಯಿಯೂ
ನನ್ನ ಲೆಕ್ಕದಲ್ಲಿ ಒಂದೇ ಉಸಿರು.

ರಾತ್ರಿ ಹನ್ನೊಂದಕ್ಕೆ ಓಡಿಸುತ್ತೇನೆ.
ಗಾಳಿಯ ದಿಕ್ಕು, ವೇಗ, ತೇವ,
ಊರೊಳಗೆ ನುಗ್ಗುವ ಲಾರಿ ಎಷ್ಟು,
ಪೀಣ್ಯದಲ್ಲಿ ಗುಡುಗುವ ಜನರೇಟರು ಎಷ್ಟು,
ಮೆಟ್ರೋ ಕಂಬಕ್ಕೆ ಅಗೆದು ಬಿಟ್ಟ ಮಣ್ಣು ಎಷ್ಟು,
ಹೆಸರಿಲ್ಲದ್ದೆಲ್ಲ ಕೊನೆಯ ಸಾಲಿನಲ್ಲಿ: ಇತರೆ.
ಉಣಿಸಿ ಕೂತರೆ ಜಾವದ ಹೊತ್ತಿಗೆ
ನಾಳೆ ಬೆಂದಿರುತ್ತದೆ,
ಹಸಿರು, ಹಳದಿ, ಕೇಸರಿ.
ಮನೆಯಲ್ಲಿ ಕೇಳುತ್ತಾರೆ, ಮಳೆ ಬರತ್ತಾ?
ಮಳೆಯದು ಬೇರೆ ಆಫೀಸು ಅನ್ನುತ್ತೇನೆ.

ಡಿಸೆಂಬರಿನಲ್ಲಿ ಆಕಾಶ ಕೆಳಗಿಳಿಯುತ್ತದೆ.
ಮಧ್ಯಾಹ್ನ ಕಿಲೋಮೀಟರಿಗೂ ಮೇಲಿದ್ದದ್ದು
ನಸುಕಿಗೆ ಇನ್ನೂರು ಮೀಟರಿಗೆ ಬಂದು
ಇಡ್ಲಿ ಪಾತ್ರೆಯ ಮುಚ್ಚಳದಂತೆ ಕೂರುತ್ತದೆ.
ಒಳಗಿದ್ದದ್ದು ಒಳಗೇ.
ಇದನ್ನೂ ಹೇಳಿಕೊಟ್ಟಿದ್ದೇನೆ.

ಆದರೂ ಹದಿನೇಳು-ಇಪ್ಪತ್ತಮೂರರ ಚೌಕದಲ್ಲಿ
ವಾರವಿಡೀ ಸೋತೆ.
ನಾನು ನಲವತ್ತು ಎಂದರೆ ಮೀಟರು ನೂರಾಹತ್ತು.
ಐದರಿಂದ ಆರೂವರೆಯವರೆಗೆ, ಅಷ್ಟೆ.
ಆಮೇಲೆ ಏನೂ ಗೊತ್ತಿಲ್ಲದವರ ಹಾಗೆ ಕೆಳಗೆ.
ಬೆಂಕಿಯಿಲ್ಲದೆ ಹೊಗೆಯಾಡದು ಅಂತಾರಲ್ಲ,
ಗಾದೆಗೆ ಗೊತ್ತಿತ್ತು, ನನ್ನ ಪಟ್ಟಿಗೆ ಗೊತ್ತಿರಲಿಲ್ಲ.
ಮೀಟರು ಕೆಟ್ಟಿದೆ ಬಿಡಮ್ಮ, ಎಂದರು ಜೋಯಿಸ್ ಸರ್.
ಭಾನುವಾರ ಮಾತ್ರ ಕೆಡದ ಮೀಟರು?

ಸೋಮವಾರ ಐದು ಹೊಡೆಯುವ ಮೊದಲೇ ಸ್ಕೂಟರು ಹತ್ತಿದೆ.
ವಾರ್ಡ್ ಆಫೀಸಿನ ತಾರಸಿಯ ಮೇಲೆ ಮೀಟರು.
ಕೆಳಗೆ, ಮಳೆಮರದ ಬುಡದಲ್ಲಿ,
ಏಳೆಂಟು ಹೆಂಗಸರು, ಸೀರೆಯ ಮೇಲೆ ಹಸಿರು ಕೋಟು, ಕಿವಿಗೆ ಟವೆಲು,
ನಡುವೆ
ನಿನ್ನೆ ಗುಡಿಸಿದ ಎಲೆ, ಮುರಿದ ಪೊರಕೆ,
ಸುರುಟಿಕೊಳ್ಳುತ್ತಿರುವ ಒಂದು ಹಾಲಿನ ಕವರು.

ಏನ್ರಮ್ಮ, ಫೈನ್ ಹಾಕಕ್ಕೆ ಬಂದ್ರಾ?
ಇಲ್ಲ, ಗಾಳಿ ನೋಡೋಕೆ.
ಗಾಳೀನ ಏನ್ ನೋಡ್ತೀಯ, ಚಳಿ ನೋಡು,
ಎಂದು ಸರಿದು ಜಾಗ ಕೊಟ್ಟಳು ಓಬುಳಮ್ಮ.
ಅವಳ ಕಡೆಯಿಂದ ಬರುವ ಬಸ್ಸು ಒಂದೇ,
ಐದಕ್ಕೆ ಇಳಿಸಿ ಹೋಗುತ್ತದೆ.
ಮುಖ ತೋರಿಸಿ ಹಾಜರಿ ಹಾಕುವ ಫೋನು
ಮೇಸ್ತ್ರಿಯ ಜೇಬಿನಲ್ಲಿ, ಮೇಸ್ತ್ರಿ ಬರುವುದು ಆರೂವರೆಗೆ.
ಅಲ್ಲೀಗಂಟ ಏನ್ ಮಾಡೋದು, ಹೇಳು?
ಕೆಮ್ಮಿದಳು, ಸೆರಗಿನಲ್ಲಿ ಬಾಯೊರೆಸಿ
ಇನ್ನೊಂದು ಹಿಡಿ ಎಲೆ ಹಾಕಿದಳು.
ನಾನೂ ಕೈ ಚಾಚಿದೆ.
ತಲೆಯ ಮೇಲೆ ಮೀಟರು ಬರೆದುಕೊಳ್ಳುತ್ತಿತ್ತು,
ನನ್ನನ್ನೂ ಸೇರಿಸಿ.

ಹಿಂದಿರುಗಿ ಪಟ್ಟಿ ತೆರೆದೆ.
ಇತರೆಯಿಂದ ಬಿಡಿಸಿ ಹೊಸ ಸಾಲು ಹಾಕಿದೆ.
ಉರಿಯುವ ವಸ್ತು ಯಾವುದು ಎಂಬಲ್ಲಿ
ಕಾಯುವುದು ಎಂದು ಬರೆದೆ.
ಕಂಪ್ಯೂಟರು ಒಪ್ಪಲಿಲ್ಲ, ಒಣ ಎಲೆ ಎಂದು ತಿದ್ದಿದೆ.
ಎಷ್ಟು ಹೊತ್ತು? ಅದಕ್ಕೆ ಅಂಕಿ ಸಾಕು.
ಒಂದೂವರೆ.

ಮರುದಿನ ನಾನು ನೂರಾಎಂಟು, ಮೀಟರು ನೂರಾಹತ್ತು.
ಭೇಷ್ ಎಂದರು ಸರ್, ಎಲ್ಲರಿಗೂ ಬಾದಾಮಿ ಹಾಲು ತರಿಸಿದರು.
ನನ್ನ ದುಪಟ್ಟಾದಲ್ಲಿ ಇನ್ನೂ ಆ ಹೊಗೆಯ ವಾಸನೆ,
ಒಗೆಯಲು ಹಾಕಿಲ್ಲ.
ನಾಳೆಯೂ ಆ ಚೌಕ ಕೇಸರಿ. ಸರಿಯಾಗೇ ಬರುತ್ತದೆ.
ಬಸ್ಸಿನ ವೇಳೆಯದು ಯಾವ ಆಫೀಸು,
ಮೇಸ್ತ್ರಿಯ ಫೋನಿನದು ಯಾವ ಆಫೀಸು,
ಬೆಳಗಿನಿಂದ ನಂಬರು ಒತ್ತುತ್ತಿದ್ದೇನೆ.
ಲೈನಿನಲ್ಲೇ ಇರಿ ಎನ್ನುತ್ತಿದೆ ಒಂದು ದನಿ.